ಟಕ್ ಅಂದರೆ ಸಾಲದು

ಇಚಿಲಂಪಾಡಿಯ ರಸ್ತೆ ಬದಿಯಲ್ಲಿ ಒಂದು ಕಾಟುಮಾವಿನ, ಅಂದರೆ ಕಾಡುಮಾವಿನ, ಮರವಿತ್ತು. ಅದರ ಮಿಡಿಯನ್ನು ಉಪ್ಪಿನಲ್ಲಿ ಹಾಕಿಟ್ಟರೆ ಮೂರು ವರ್ಷ ಕಳೆದರೂ ಮೆತ್ತಗಾಗುವುದಿಲ್ಲ ಎಂದು ಸುತ್ತಲಿನ ಹೆಂಗಸರು ಹೇಳುತ್ತಿದ್ದರು. ಭರಣಿಯ ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಿದರೆ ಪರಿಮಳ ಅಂಗಳ ದಾಟಿ ಹೋಗುತ್ತಿತ್ತು. ಈ ಸೋಣ ತಿಂಗಳಲ್ಲಿ, ಅಂದರೆ ಆಗಸ್ಟ್ ಸೆಪ್ಟೆಂಬರಿನ ಹೊತ್ತಿಗೆ, ಆ ಮರಕ್ಕೆ ಕೆಂಪು ಬಣ್ಣದಲ್ಲಿ ನಂಬರು ಬಿತ್ತು. ರಸ್ತೆ ಅಗಲ ಆಗಬೇಕು, ಮರ ಹೋಗಬೇಕು.

ಮರ ಹೋದರೂ ತಳಿ ಉಳಿಯಲಿ ಎಂದು ಊರಿನವರು ನೂರು ಎಳೆ ಕುಡಿಗಳನ್ನು ಕೊಯ್ದರು. ಒದ್ದೆ ಬಟ್ಟೆಯಲ್ಲಿ ಸುತ್ತಿ, ಬೆಳ್ಳಾರೆ ಹತ್ತಿರ ಇರುವ ಧರ್ಮಪಾಲರ ನರ್ಸರಿಗೆ ತಂದು ಕೊಟ್ಟರು.

"ರಮ್ಲತ್ ಇದ್ದಾರಲ್ಲ, ಅವರ ಕೈಯಲ್ಲೇ ಕಸಿ ಕಟ್ಟಿಸಿ" ಎಂದರು.

ರಮ್ಲತ್ ಆ ನರ್ಸರಿಯಲ್ಲಿ ಹದಿಮೂರು ವರ್ಷದಿಂದ ಕಸಿ ಕಟ್ಟುತ್ತಿದ್ದಾಳೆ. ಅವಳು ಕಟ್ಟಿದ ನೂರರಲ್ಲಿ ಎಂಬತ್ತು ಗಿಡ ಚಿಗುರುತ್ತವೆ. ನರ್ಸರಿಯ ಮೇಲೆ ಹಸಿರು ನೆರಳುಬಲೆ ಹಾಸಿದೆ. ಅದರ ಕೆಳಗೆ ಹಗಲು ಕೂಡ ಹಸಿರು. ಕೆರೆಯ ತಳದಲ್ಲಿ ಕೂತು ಮೇಲೆ ನೋಡಿದ ಹಾಗೆ ಕಾಣುತ್ತದೆ. ಬಿಸಿಲು ಬಂದರೂ ಅಲ್ಲಿಗೆ ಬರುವಷ್ಟರಲ್ಲಿ ಮೆತ್ತಗಾಗಿರುತ್ತದೆ. ಸಣ್ಣ ಮಳೆ ಬಂದರೆ ಹನಿಯಾಗಿ ಬೀಳುವುದಿಲ್ಲ, ಹೊಗೆಯ ಹಾಗೆ ಇಳಿಯುತ್ತದೆ. ಅಲ್ಲಿ ಕೂತು ಕೆಲಸ ಮಾಡುವಾಗ ರಮ್ಲತ್‌ಳ ಕೈ ಒಂದು ಕಡೆ, ಮನಸ್ಸು ಒಂದು ಕಡೆ. ಕೈಯಲ್ಲಿ ಬೆರಳುದ್ದದ ಕುಡಿ. ಕಣ್ಣಮುಂದೆ ಮಾತ್ರ ದೊಡ್ಡ ಮರ, ಮರದ ಕೆಳಗೆ ತಂಪು, ತಂಪಿನಲ್ಲಿ ಯಾರೋ ದಣಿವಾರಿಸಿಕೊಳ್ಳುತ್ತಿರುವುದು, ಅವರ ಮುಖ ಸ್ಪಷ್ಟವಾಗುವ ಮೊದಲೇ ಮುಂದಿನ ಕುಡಿ.

"ಇವಳು ಕನಸು ಕಾಣ್ತಾ ಕಸಿ ಕಟ್ಟುದು" ಎಂದು ಅವಳ ಗಂಡ ಅಹ್ಮದ್ ಕುಂಞಿ ತಮಾಷೆ ಮಾಡುತ್ತಿದ್ದ. ಅದರಲ್ಲಿ ಹೆಮ್ಮೆಯೂ ಇರುತ್ತಿತ್ತು.

ಕುಡಿಗಳು ಬಂದ ದಿನವೇ ರಮ್ಲತ್‌ಳ ಕಸಿ ಚೂರಿ ಮುರಿಯಿತು. ಮರದ ಹಿಡಿಯ ಹಳೆಯ ಚೂರಿ ಅದು. ಮಸೆದು ಮಸೆದು ಅಲಗು ಗರಿಯಷ್ಟು ತೆಳ್ಳಗಾಗಿತ್ತು.

"ನಾಳಿದ್ದು ಪುತ್ತೂರಿಗೆ ಹೋಗ್ಲಿಕ್ಕೆ ಉಂಟು, ಹೊಸತು ತರ್ತೇನೆ" ಎಂದರು ಧರ್ಮಪಾಲ.

"ನಾಳಿದ್ದಿಗೆ ಅರ್ಧ ಕುಡಿ ಒಣಗ್ತದೆ" ಎಂದಳು ರಮ್ಲತ್.

ಸಂಜೆ ಮನೆಯಲ್ಲಿ ಈ ಮಾತು ಬಂದಾಗ ಅಹ್ಮದ್ ಕುಂಞಿ ಕಿಸೆಯಿಂದ ತನ್ನ ಮಡಚು ಚೂರಿ ತೆಗೆದ. ಅವನು ಹತ್ತೊಂಬತ್ತು ವರ್ಷ ಶಾರ್ಜಾದ ಹಣ್ಣಿನ ಮಾರ್ಕೆಟ್ಟಿನಲ್ಲಿದ್ದು ಬಂದವನು. ಈಗ ಬೆಳ್ಳಾರೆಯಲ್ಲಿ ಹಗ್ಗ, ಟಾರ್ಪಾಲಿನ ಅಂಗಡಿ. ಶಾರ್ಜಾ ಬಿಟ್ಟು ಬರುವ ದಿನ ಅವನ ರೂಮಿನ ಜೊತೆಗಾರ ಸಲಾಂ ಆ ಚೂರಿಯನ್ನು ಕೊಟ್ಟಿದ್ದ. ಸಲಾಂ ಈಗಲೂ ಅಲ್ಲೇ ಇದ್ದಾನೆ.

ಅಹ್ಮದ್ ಕುಂಞಿ ಅದನ್ನು ತೆರೆಯುವುದೇ ಒಂದು ಚಂದ. ಮಣಿಕಟ್ಟನ್ನು ಒಮ್ಮೆ ಬೀಸುತ್ತಾನೆ. ಅಲಗು ಗಾಳಿಯಲ್ಲಿ ಹೊರಬಂದು 'ಟಕ್' ಎಂದು ನಿಲ್ಲುತ್ತದೆ.

"ಕೇಳಿದೆಯಾ? ಲಾಕ್ ಬಿತ್ತು. ಇನ್ನು ಆನೆ ತುಳಿದರೂ ಮಡಚುದಿಲ್ಲ. ಇದರಲ್ಲೇ ಕಟ್ಟು" ಎಂದ.

ಮರುದಿನ ಬೆಳಗ್ಗೆ ರಮ್ಲತ್ ಆ ಚೂರಿ ಹಿಡಿದು ಕೂತಳು. ಅಲಗು ಹರಿತವಾಗಿತ್ತು. ಅವಳ ಪಕ್ಕದಲ್ಲಿ ದೇವಮ್ಮ ಪಟ್ಟಿ ಸುತ್ತಲು ಕೂತಿದ್ದರು. ದೇವಮ್ಮನಿಗೆ ಅರುವತ್ತು ದಾಟಿದೆ. ಮನೆಯಲ್ಲಿ ಅರೆಭಾಷೆ, ನರ್ಸರಿಯಲ್ಲಿ ಕನ್ನಡ, ಗಿಡಗಳ ಜೊತೆ ತುಳು.

ದೇವಮ್ಮ ಚೂರಿಯನ್ನು ಕೈಗೆ ತೆಗೆದುಕೊಂಡು ಅಲಗಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿ ನೋಡಿದರು.

"ಇದು ಮೇಲೆ ಕೆಳಗೆ ಅಲ್ಲಾಡ್ತದಲ್ಲ ಮಾರಾಯ್ತಿ."

"ಟಕ್ ಅಂತ ಲಾಕ್ ಆಗ್ತದೆ ದೇವಮ್ಮಕ್ಕ. ಇವರು ದಿನಾ ಇದರಲ್ಲೇ ಹಗ್ಗ ಕೊಯ್ಯುದು."

"ಹಗ್ಗ ಬೇರೆ, ಕಸಿ ಬೇರೆ. ನನಗೆ ಎಂತದೋ ಸರಿ ಕಾಣುದಿಲ್ಲ."

ಆದರೆ ಕುಡಿ ಕಾಯುವುದಿಲ್ಲ. ರಮ್ಲತ್ ಕೆಲಸ ಶುರು ಮಾಡಿದಳು. ಸಣ್ಣ ಅಡಿಗಿಡದ ತಲೆ ಕತ್ತರಿಸುವುದು. ಕಾಂಡವನ್ನು ನಡುವೆ ಸೀಳುವುದು. ಕುಡಿಯ ಬುಡವನ್ನು ಬೆಣೆಯ ಹಾಗೆ ಕೆತ್ತಿ ಸೀಳಿನೊಳಗೆ ಇಳಿಸುವುದು. ಆಮೇಲೆ ದೇವಮ್ಮನ ಪಟ್ಟಿ. ಒಂದು, ಹತ್ತು, ಮೂವತ್ತು. ನೆರಳುಬಲೆಯ ಮೇಲೆ ಮಳೆಯೂ ಬಿಸಿಲೂ ಒಟ್ಟಿಗೆ ಬಂದವು. ಮಾವಿನ ಸೊನೆಯ ವಾಸನೆ ಎಲ್ಲ ಕಡೆ ತುಂಬಿತು. ಎಲ್ಲೋ ಒಂದು ಹಕ್ಕಿ ಒಂದೇ ಮಾತನ್ನು ಹೇಳುತ್ತಲೇ ಇತ್ತು.

ನಲವತ್ತೆರಡನೆಯ ಗಿಡದ ಕಾಂಡ ಸ್ವಲ್ಪ ದಪ್ಪ. ಚೂರಿ ಸೀಳಿನೊಳಗೆ ಇಳಿದು ಸಿಕ್ಕಿಕೊಂಡಿತು. ರಮ್ಲತ್ ಹಿಡಿಯನ್ನು ಆಚೀಚೆ ತಿರುಚಿ ಮೇಲಕ್ಕೆ ಎಳೆದಳು. ಅಲಗು ಕಾಂಡದಲ್ಲೇ ನಿಂತಿತು, ಹಿಡಿ ಮಾತ್ರ ಮೇಲೆ ಬಂತು. ಚೂರಿ ಅವಳ ಕೈಯೊಳಗೇ ಮಡಚಿಕೊಂಡಿತು.

ಮೊದಲು ನೋವಾಗಲಿಲ್ಲ. ಹಸಿರು ಬೆಳಕಿನಲ್ಲಿ ರಕ್ತ ಕಪ್ಪಾಗಿ ಕಂಡಿತು. ಇದು ಯಾರ ಕೈ ಎಂದು ಅವಳು ಸುಮ್ಮನೆ ನೋಡುತ್ತಾ ಕೂತಳು.

"ಅಯ್ಯೋ ದೇವರೇ!" ಎಂದು ದೇವಮ್ಮ ಎದ್ದರು. ಹೆಗಲ ಮೇಲಿದ್ದ ತೊಳೆದ ಬೈರಾಸು ಟವೆಲನ್ನು ಗಾಯದ ಮೇಲೆ ಬಿಗಿಯಾಗಿ ಒತ್ತಿ ಹಿಡಿದರು. ಕೈಯನ್ನು ಎದೆಗಿಂತ ಮೇಲೆ ಎತ್ತಿಸಿದರು. ಯಾರೋ ಕಾಫಿಪುಡಿ ತಂದರು.

"ಅದೆಲ್ಲ ಹಾಕುದು ಬೇಡ! ಒತ್ತಿ ಹಿಡಿದ್ರೆ ಸಾಕು. ಧರ್ಮಪಾಲಣ್ಣ, ಜೀಪು ತೆಗೀರಿ!"

ಪುತ್ತೂರಿನ ಆಸ್ಪತ್ರೆಗೆ ಮುಟ್ಟುವವರೆಗೆ ದೇವಮ್ಮ ಆ ಒತ್ತು ಬಿಡಲಿಲ್ಲ. ಡಾಕ್ಟರಮ್ಮ ಗಾಯ ತೊಳೆದು, "ತೋರುಬೆರಳಿನ ತುದಿ ಮಡಚಿ ನೋಡುವಾ" ಎಂದರು. ರಮ್ಲತ್ ಮಡಚಲು ನೋಡಿದಳು. ತುದಿ ಅಲುಗಲಿಲ್ಲ.

"ಬೆರಳು ಮಡಚುವ ಟೆಂಡನ್, ಅಂದ್ರೆ ಸ್ನಾಯುವಿನ ಹುರಿ, ಕಡಿದಿದೆ. ಇವತ್ತೇ ಬಂದದ್ದು ಒಳ್ಳೇದಾಯ್ತು. ಸೇರಿಸಿ ಹೊಲಿಯುವಾ" ಎಂದರು.

ಟಿ.ಟಿ. ಇಂಜೆಕ್ಷನ್ ಆಯಿತು. ಆಪರೇಷನ್ ಆಯಿತು. ಆರು ವಾರ ಕೈಗೆ ಪಟ್ಟಿ. ಆಮೇಲೆ ದಿನಾ ವ್ಯಾಯಾಮ. ಕಸಿ ಕೆಲಸ ಮೂರು ತಿಂಗಳ ನಂತರ, ಅದೂ ಬೆರಳು ಒಪ್ಪಿದರೆ.

ಧರ್ಮಪಾಲರು ಪುತ್ತೂರಿನಿಂದಲೇ ಹೊಸ ಕಸಿ ಚೂರಿ ತಂದರು. ಉಳಿದ ಕುಡಿಗಳನ್ನು ದೇವಮ್ಮ ಕಟ್ಟಿದರು. ಅವರದು ನಿಧಾನದ ಕೈ. ಆದರೂ ಬಿಡಲಿಲ್ಲ.

ಮನೆಯಲ್ಲಿ ಅಹ್ಮದ್ ಕುಂಞಿ ಅಕ್ಕಿ ತೊಳೆದ, ಬಟ್ಟೆ ಒಗೆದ, ಹೆಂಡತಿಯ ತಲೆ ಬಾಚಿದ. ಅಷ್ಟೆಲ್ಲ ಮಾಡಿಯೂ ಒಂದು ಮಾತು ಆಡಿಬಿಟ್ಟ.

"ನಿನಗೆ ಎಷ್ಟು ಸಲ ಹೇಳಿದ್ದೇನೆ, ಕೆಲಸದ ಹೊತ್ತಿಗೆ ಕನಸು ಕಾಣ್ಬೇಡ ಅಂತ. ಸಲಾಂನ ಕೈಯಲ್ಲಿ, ನನ್ನ ಕೈಯಲ್ಲಿ ಸೇರಿ ಹದಿನೈದು ವರ್ಷದಲ್ಲಿ ಆ ಚೂರಿ ಒಬ್ಬರಿಗೂ ಎಂತ ಮಾಡಲಿಲ್ಲ."

ರಮ್ಲತ್‌ಗೂ ಹಾಗೇ ಅನಿಸತೊಡಗಿತ್ತು. ಮಲಗಿದಲ್ಲಿ ಜ್ವರ ಬಂದ ಹಾಗೆ ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಆಗ ಆ ದೊಡ್ಡ ಮರ ಕಾಣಿಸುತ್ತಿತ್ತು. ಮೊದಲಾದರೆ ಅವಳು ಅದರ ನೆರಳಿಗೆ ಹೋಗುತ್ತಿದ್ದಳು. ಈಗ ಬೇಡವೆಂದು ಕಣ್ಣು ತೆರೆದುಬಿಡುತ್ತಿದ್ದಳು. ಗಾಯವಾಗದ ಎಡಗೈಯಲ್ಲಿ ಒಂದು ಗ್ಲಾಸು ಚಾ ಹಿಡಿದುಕೊಳ್ಳಲೂ ಹೆದರಿದಳು. "ನನ್ನ ಕೈಯನ್ನು ನಂಬ್ಲಿಕ್ಕೆ ಆಗುದಿಲ್ಲ. ಇನ್ನು ಕಸಿ ಬೇಡ" ಎಂದು ಒಂದು ದಿನ ಮೆಲ್ಲಗೆ ಹೇಳಿದಳು.

ಹತ್ತನೆಯ ದಿನ ದೇವಮ್ಮ ನೋಡಲು ಬಂದರು. ಚೀಲದಲ್ಲಿ ಬಸಳೆ ಇತ್ತು. ಕೂತು ಎಲೆ ಬಿಡಿಸುತ್ತಾ ಗಂಡ ಹೆಂಡತಿಯ ಮಾತು ಕೇಳಿದರು. ಆಮೇಲೆ ತಲೆ ಎತ್ತಿದರು.

"ಕುಂಞಾಕ, ಕೈಯನ್ನು ಪುತ್ತೂರಿಗೆ ಹೋಗಿ ಡಾಕ್ಟರಿಗೆ ತೋರಿಸಿದ್ರಿ. ಚೂರಿಯನ್ನು ಯಾರಿಗೆ ತೋರಿಸಿದ್ರಿ?"

"ಚೂರಿಗೆ ಎಂತ ಆಗಿದೆ ದೇವಮ್ಮಕ್ಕ? ಈಗಲೂ ಟಕ್ ಅಂತದೆ."

"ಅನ್ನಲಿ. ಪುತ್ತೂರಿನ ದರ್ಬೆಯಲ್ಲಿ ಕಮಲಾವತಿ ಅಂತ ಒಬ್ರು ಇದ್ದಾರೆ. ಕತ್ತಿ ಚೂರಿಗೆ ಸಾಣೆ ಹಿಡಿಯುವವರು. ಅವರ ಅಪ್ಪನ ಕಾಲದ ಅಂಗಡಿ. ಒಮ್ಮೆ ತೋರಿಸಿ ಬನ್ನಿ. ಅವರು ಸರಿ ಉಂಟು ಅಂದ್ರೆ ನಾನೇ ರಮ್ಲತ್‌ಗೆ ಬುದ್ಧಿ ಹೇಳ್ತೇನೆ."

ಅಹ್ಮದ್ ಕುಂಞಿ ಮರುದಿನವೇ ಬಸ್ಸು ಹತ್ತಿದ. ಚೂರಿಯ ಮರ್ಯಾದೆ ಉಳಿಸಲೆಂದೇ ಹೋದ.

ದರ್ಬೆಯ ದೊಡ್ಡ ರಸ್ತೆಯಿಂದ ಒಳಗೆ ಸಣ್ಣ ಓಣಿ. ಕಮಲಾವತಿಯ ಅಂಗಡಿಯಲ್ಲಿ ಸಾಣೆಕಲ್ಲು ತಿರುಗುತ್ತಿತ್ತು. ಕಿಡಿಗಳು ಹೊರಟು, ಅವರ ಮೊಣಕೈವರೆಗೆ ಬಂದು, ಆರಿಹೋಗುತ್ತಿದ್ದವು. ಹೊರಗಿನ ಬಸ್ಸುಗಳ ಗಲಾಟೆ ಅಲ್ಲಿಗೆ ಬರುವಾಗ ಜೇನಿನ ಗುಂಯ್ ಸದ್ದಿನಷ್ಟೇ ಆಗಿತ್ತು.

"ಎಂತ ಕಾಕ, ಸಾಣೆಗಾ?"

"ಸಾಣೆಗೆ ಅಲ್ಲ ಕಮಲಕ್ಕ. ಇದು ಒಳ್ಳೆ ಚೂರಿ ಅಂತ ಒಂದು ಮಾತು ಹೇಳಿ. ಮನೆಯಲ್ಲಿ ಹೇಳ್ಲಿಕ್ಕೆ ಉಂಟು."

ಅಹ್ಮದ್ ಕುಂಞಿ ಮಣಿಕಟ್ಟು ಬೀಸಿ ತೆರೆದು ತೋರಿಸಿದ. ಟಕ್.

ಕಮಲಾವತಿ ಸಾಣೆ ನಿಲ್ಲಿಸಿದರು. "ಹೀಗೆ ಬೀಸಿ ತೆರೆಯುದು ಎಷ್ಟು ವರ್ಷದಿಂದ?"

"ನನ್ನ ಕೈಗೆ ಬಂದು ಆರು ವರ್ಷ. ಅದಕ್ಕೆ ಮೊದಲು ನನ್ನ ದೋಸ್ತಿಯೂ ಹೀಗೇ."

"ಪ್ರತಿ ಸಲ ಬೀಸುವಾಗಲೂ ಲಾಕಿಗೆ ಒಂದು ಪೆಟ್ಟು ಕಾಕ. ದಿನಕ್ಕೆ ಇಪ್ಪತ್ತು ಪೆಟ್ಟು ಅಂದ್ರೆ ಯಾವ ಕಬ್ಬಿಣ ತಡೀತದೆ? ಮೆಲ್ಲ ಹೆಬ್ಬೆರಳಲ್ಲಿ ತೆರೀಬೇಕು." ಕನ್ನಡಕ ಸರಿಮಾಡಿಕೊಂಡು ಅವರು ಚೂರಿಯನ್ನು ಬೆಳಕಿಗೆ ಹಿಡಿದರು. "ಇಲ್ಲಿ ನೋಡಿ. ಹಿಡಿಯ ಒಳಗೆ ಬದಿಯಲ್ಲಿ ಒಂದು ತೆಳು ತಗಡು ಉಂಟಲ್ಲ? ಅದೇ ಲೈನರ್. ಇದಕ್ಕೆ ಲೈನರ್ ಲಾಕ್ ಅಂತ ಹೇಳುದು. ಅಲಗು ಪೂರಾ ತೆರೆದಾಗ ಈ ತಗಡು ಬದಿಯಿಂದ ಬಂದು ಅಲಗಿನ ಬುಡದ ಹಿಂದೆ ನಿಲ್ತದೆ. ಬಾಗಿಲ ಹಿಂದೆ ಕೋಲು ಅಡ್ಡ ಕೊಟ್ಟ ಹಾಗೆ. ಮಡಚಬೇಕಾದ್ರೆ ತಗಡನ್ನು ಹೆಬ್ಬೆರಳಲ್ಲಿ ಬದಿಗೆ ದೂಡುದು."

"ಹೌದು, ಅದು ಬಂದು ನಿಂತಾಗಲೇ ಅಲ್ವಾ ಟಕ್ ಅನ್ನುದು?"

"ಟಕ್ ಅಂದ್ರೆ ತಗಡು ಹೊರಟಿತು ಅಂತ. ಸರಿ ಜಾಗಕ್ಕೆ ಮುಟ್ಟಿತು ಅಂತ ಅಲ್ಲ. ಹಾರ್ನ್ ಕೇಳಿದ ಕೂಡಲೇ ಬಸ್ಸು ನಿಂತಿತು ಅಂತ ಉಂಟಾ? ಕಣ್ಣಲ್ಲಿ ನೋಡ್ಬೇಕು."

ಅವರು ಗೋಡೆಯ ಮೊಳೆಯಿಂದ ಇನ್ನೊಂದು ಮಡಚು ಚೂರಿ ತೆಗೆದು ಮೆಲ್ಲನೆ ತೆರೆದರು. ಅದರ ತಗಡಿನ ತುದಿ ಅಲಗಿನ ಬುಡದ ಅಗಲದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲನ್ನು ಹಿಡಿದು ಗಟ್ಟಿಯಾಗಿ ಕೂತಿತ್ತು.

"ಹೀಗೆ ಇರಬೇಕು. ತಗಡು ಅಂಚಿಗೆ ಮಾತ್ರ ಚೂರು ತಾಗಿದ್ದರೆ ಜಾರ್ತದೆ. ಪೂರಾ ದಾಟಿ ಆಚೆ ಬದಿಗೆ ಹೋಗಿ ಕೂತಿದ್ರೆ ಸವೆದಿದೆ ಅಂತ ಅರ್ಥ. ಈಗ ನಿಮ್ಮದು ನೋಡಿ."

ಅಹ್ಮದ್ ಕುಂಞಿ ಬಗ್ಗಿ ನೋಡಿದ. ಅವನ ಚೂರಿಯ ತಗಡು ಆಚೆ ಬದಿಯ ಗೋಡೆಗೆ ಒರಗಿ ನಿಂತಿತ್ತು. ತಾಗುವ ಜಾಗ ಸವೆದು ದುಂಡಗಾಗಿ ಮಿನುಗುತ್ತಿತ್ತು. ಸುತ್ತ ಹಗ್ಗದ ನಾರು, ಒಣಗಿದ ಮಾವಿನ ಸೊನೆ. ಇಷ್ಟು ವರ್ಷ ಕಿಸೆಯಲ್ಲಿ ಇಟ್ಟುಕೊಂಡಿದ್ದರೂ ಒಮ್ಮೆಯೂ ಅಲ್ಲಿ ನೋಡಿರಲಿಲ್ಲ.

ಕಮಲಾವತಿ ಅಲಗಿನ ತುದಿ ಹಿಡಿದು ಎಡಕ್ಕೆ ಬಲಕ್ಕೆ ಅಲ್ಲಾಡಿಸಿದರು. "ಹೀಗೆ ಬದಿಗೆ ಆಡಿದ್ರೆ ಸ್ಕ್ರೂ ಸಡಿಲ, ಬಿಗಿ ಮಾಡಿದ್ರೆ ಆಯ್ತು." ಮೇಲೆ ಕೆಳಗೆ ಅಲ್ಲಾಡಿಸಿದರು. "ಹೀಗೆ ಆಡಿದ್ರೆ ಲಾಕಿನದ್ದೇ ದೋಷ. ಇದು ಹೀಗೇ ಆಡುದು."

"ಕೊಳೆ ಸಿಕ್ಕಿಯಾ?"

"ಇರಬಹುದು. ತೊಳೆದೇ ನೋಡುವಾ."

ಹಳೆಯ ಬ್ರಶ್ಶಿಗೆ ಸೀಮೆಎಣ್ಣೆ ಹಚ್ಚಿ ಅವರು ಒಳಗೆಲ್ಲ ಉಜ್ಜಿದರು, ಒರೆಸಿ ಒಣಗಿಸಿದರು. ಅಹ್ಮದ್ ಕುಂಞಿ ಸ್ಟೂಲಿನಲ್ಲಿ ಕೂತು ಕಾದ. ತೊಳೆದ ನಂತರವೂ ತಗಡು ಹೋಗಿ ಅಲ್ಲೇ ನಿಂತಿತು.

ಕಮಲಾವತಿ ದಪ್ಪ ಚರ್ಮದ ಗ್ಲೌಸ್ ಹಾಕಿದರು. ಊಟದ ಚೀಲದಿಂದ ಒಂದು ಬೆಂಡೆಕಾಯಿ ತೆಗೆದು, ಅಲಗು ಮಡಚಿ ಬೀಳುವ ತೋಡಿನ ಮೇಲೆ ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿದರು. ಚೂರಿ ಹಿಡಿದಾಗ ತೋರುಬೆರಳು ಇರುವ ಜಾಗ ಅದು. ತಮ್ಮ ಬೆರಳುಗಳನ್ನು ಮಾತ್ರ ಹಿಡಿಯ ಎರಡು ಬದಿಗೆ ಇಟ್ಟರು. ಯಾವುದೂ ತೋಡಿನ ಕಡೆ ಇರಲಿಲ್ಲ.

"ಅಲಗಿನ ಬಾಯಿ ಅಲ್ಲ, ಬೆನ್ನು. ಬೆನ್ನನ್ನು ಹಲಗೆಗೆ ಇಟ್ಟು ಮೆಲ್ಲ ಒತ್ತುದು. ಜೋರು ಬಡೀಲಿಕ್ಕೆ ಇಲ್ಲ, ಬಡಿದ್ರೆ ಒಳ್ಳೆ ಲಾಕೂ ಹಾಳಾಗ್ತದೆ."

ಮೊದಲು ಒಳ್ಳೆಯ ಚೂರಿಯನ್ನು ಒತ್ತಿದರು. ಅದು ಅಲುಗಲಿಲ್ಲ. ಬೆನ್ನಿನಿಂದ ಮೆಲ್ಲನೆ ನಾಲ್ಕು ಸಲ ತಟ್ಟಿದರು. ಅಲುಗಲಿಲ್ಲ.

ಆಮೇಲೆ ಸಲಾಂ ಕೊಟ್ಟ ಚೂರಿ. ಒತ್ತಿದಾಗ ನಿಂತಿತು. ಅಹ್ಮದ್ ಕುಂಞಿ ಉಸಿರು ಬಿಟ್ಟ. ಕಮಲಾವತಿ ಒಮ್ಮೆ ತಟ್ಟಿದರು. ನಿಂತಿತು. ಇನ್ನೊಮ್ಮೆ ತಟ್ಟಿ, ಹಿಡಿಯನ್ನು ಸ್ವಲ್ಪ ತಿರುಚಿ ಒತ್ತಿದರು.

ಅಲಗು ಸದ್ದಿಲ್ಲದೆ ಮಡಚಿಕೊಂಡಿತು. ಬೆಂಡೆಕಾಯಿ ಎರಡು ತುಂಡಾಗಿ, ಒಂದು ತುಂಡು ಉರುಳಿ ಅಹ್ಮದ್ ಕುಂಞಿಯ ಕಾಲಿನ ಹತ್ತಿರ ಬಂದು ನಿಂತಿತು. ಬಿಳಿ ಬೀಜಗಳು ಕಾಣುತ್ತಿದ್ದವು.

ಅವನು ಬಗ್ಗಿ ಅದನ್ನು ಹೆಕ್ಕಿದ.

"ನನ್ನ ಹೆಂಡತಿ ಕಸಿ ಕಟ್ಟುವಾಗ ಆದದ್ದು. ಕಾಂಡಕ್ಕೆ ಸಿಕ್ಕಿಕೊಂಡಿತು, ಎಳೆದಳು" ಎಂದ.

"ಸಿಕ್ಕಿದ ಅಲಗನ್ನು ತಿರುಚಿ ಎಳೆಯುವಾಗ ಬಲ ಪೂರಾ ಲಾಕಿನ ಮೇಲೆ ಬೀಳ್ತದೆ. ಆಗಲೇ ಅದು ಕೈಕೊಡುದು. ಅವರ ಜಾಗದಲ್ಲಿ ನಾನಿದ್ರೂ ಅದೇ ಆಗ್ತಿತ್ತು."

"ಅವಳು ಕನಸು ಕಾಣ್ತಾ ಇದ್ದಳು ಅಂತ ಬೈದೆ ನಾನು."

ಕಮಲಾವತಿ ಗ್ಲೌಸ್ ತೆಗೆದು ಎರಡು ಗ್ಲಾಸಿಗೆ ಫ್ಲಾಸ್ಕಿನಿಂದ ಚಾ ಬಗ್ಗಿಸಿದರು.

ಚಾ ಕುಡಿಯುತ್ತಾ ಅಹ್ಮದ್ ಕುಂಞಿ ಕೇಳಿದ. "ಹಾಗಾದ್ರೆ ಈ ಲೈನರ್ ಲಾಕ್ ಚೂರಿಯೇ ಆಗುದಿಲ್ಲ ಅಂತವಾ?"

"ಹಾಗಲ್ಲ ಕಾಕ. ತಗಡು ದಪ್ಪ ಇದ್ದು, ಸರಿ ಜಾಗದಲ್ಲಿ ಕೂತರೆ ಹಗ್ಗ, ರಟ್ಟಿನ ಪೆಟ್ಟಿಗೆ, ಹಣ್ಣು, ಇಂಥದ್ದಕ್ಕೆಲ್ಲ ಧಾರಾಳ ಸಾಕು. ಆದ್ರೆ ಚುಚ್ಚಿ ಕೊರೆಯುದು, ಸೀಳುದು, ತಿರುಚುದು, ಅದಕ್ಕೆಲ್ಲ ಮಡಚದ ಚೂರಿಯೇ ಆಗಬೇಕು. ಲಾಕ್ ಅಂದ್ರೆ ಕೈ ತಪ್ಪಿದಾಗ ಕಾಯ್ಲಿಕ್ಕೆ ಇರುವಂಥದ್ದು. ಅದನ್ನೇ ನಂಬಿ ಬಲ ಹಾಕ್ಲಿಕ್ಕೆ ಅಲ್ಲ."

ಚೂರಿಯನ್ನು ಅವನು ಮನೆಗೆ ತರಲಿಲ್ಲ. "ಇಲ್ಲೇ ಇರಲಿ ಕಮಲಕ್ಕ, ಬಂದವರಿಗೆ ತೋರಿಸ್ಲಿಕ್ಕೆ ಆಗ್ತದೆ" ಎಂದು ಕೊಟ್ಟ. ಕೊಡುವಾಗ ಹಿಡಿಯನ್ನು ಒಮ್ಮೆ ಸವರಿದ.

ದರ್ಬೆಯ ಬಸ್‌ಸ್ಟಾಪಿನಲ್ಲಿ ನಿಂತು ಶಾರ್ಜಾಕ್ಕೆ ಫೋನು ಮಾಡಿದ. ಸಲಾಂ ಹಣ್ಣಿನ ಪೆಟ್ಟಿಗೆಗಳ ನಡುವೆ ಇದ್ದ. ಹಿಂದೆ ಮಾರ್ಕೆಟ್ಟಿನ ಗದ್ದಲ. ಅಹ್ಮದ್ ಕುಂಞಿ ಎಲ್ಲ ಹೇಳಿ ಮುಗಿಸಿದಾಗ ಆ ಕಡೆಯಿಂದ ಬರೀ ಗದ್ದಲವೇ ಬಂತು.

"ಸಲಾಂ, ಕೇಳ್ತದಾ?"

"ಕೇಳ್ತದೆ ಕುಂಞಾಕ." ಸಲಾಂ ಗದ್ದಲದಿಂದ ಬದಿಗೆ ಬಂದು ಹೇಳಿದ. "ನನ್ನ ಕಿರುಬೆರಳಲ್ಲಿ ಒಂದು ಗುರುತು ಉಂಟಲ್ಲ. ಮೀನಿನ ಡಬ್ಬ ತಾಗಿದ್ದು ಅಂತ ಹೇಳಿದ್ದೆ. ಡಬ್ಬ ಅಲ್ಲ ಅದು. ಆ ಚೂರಿಯೇ ಮಡಚಿದ್ದು. ಅಷ್ಟು ಹೊಗಳಿಕೊಂಡು ತಿರುಗ್ತಿದ್ದೆ, ಹೇಳ್ಲಿಕ್ಕೆ ನಾಚಿಕೆ ಆಯ್ತು. ಒಂದೇ ಸಲ ಅಲ್ವಾ, ನನ್ನ ಕೈಯದ್ದೇ ತಪ್ಪು ಅಂತ ಎಣಿಸಿದೆ. ನಿಮಗೆ ಕೊಡುವಾಗಲಾದ್ರೂ ಹೇಳ್ಬೇಕಿತ್ತು."

ಬಸ್ಸು ಬಂತು. ಅಹ್ಮದ್ ಕುಂಞಿ ಕಿಟಕಿಯ ಬದಿ ಕೂತ. ಹೊರಗೆ ಮಂಜಿನಂಥ ಮಳೆ. ಗುಡ್ಡ, ಅಂಗಡಿ, ಮಸೀದಿಯ ಮಿನಾರ, ಶಾಲೆಯ ಮಕ್ಕಳ ಕೊಡೆಗಳು ಎಲ್ಲ ಒಂದರೊಳಗೆ ಒಂದು ಕರಗಿ ಹಿಂದೆ ಹೋಗುತ್ತಿದ್ದವು. ಒಂದು ಚೂರಿ, ಎರಡು ಕೈ, ಇಬ್ಬರೂ ತಮ್ಮ ತಮ್ಮ ಕೈಯನ್ನೇ ಬೈದುಕೊಂಡದ್ದು. ಬೆಳ್ಳಾರೆ ಬರುವವರೆಗೂ ಅವನ ತಲೆಯಲ್ಲಿ ಅದೇ ತಿರುಗುತ್ತಿತ್ತು.

ಮನೆಗೆ ಬಂದಾಗ ರಮ್ಲತ್ ಜಗಲಿಯಲ್ಲಿ ಕೂತಿದ್ದಳು. ಪಟ್ಟಿ ಕಟ್ಟಿದ ಕೈ ಮಡಿಲಲ್ಲಿ ಮಲಗಿತ್ತು. ಅಹ್ಮದ್ ಕುಂಞಿ ಚಪ್ಪಲಿ ಬಿಚ್ಚದೆ ಅವಳ ಎದುರು ಕೂತ.

"ನಿನ್ನ ಕೈಯದ್ದು ತಪ್ಪಲ್ಲ. ನಿನ್ನ ಕನಸಿನದ್ದೂ ಅಲ್ಲ. ಲಾಕ್ ಸವೆದಿತ್ತು. ನಾನೇ ಬೀಸಿ ಬೀಸಿ ಸವೆಸಿದ್ದು."

ರಮ್ಲತ್ ಅವನನ್ನೇ ನೋಡಿದಳು. "ಇನ್ನೊಮ್ಮೆ ಹೇಳಿ."

ಅವನು ಇನ್ನೊಮ್ಮೆ ಹೇಳಿದ. ತಗಡು, ಬೆಂಡೆಕಾಯಿ, ಸಲಾಂನ ಕಿರುಬೆರಳು, ಎಲ್ಲ ಹೇಳಿದ. ಹೇಳುತ್ತಿದ್ದ ಹಾಗೆ ಅವಳ ಕಣ್ಣಿನಿಂದ ನೀರು ಇಳಿಯಿತು. ಒರೆಸಲು ಬಲಗೈ ಎತ್ತಿ, ಪಟ್ಟಿ ನೋಡಿ, ಎಡಗೈಯಲ್ಲಿ ಒರೆಸಿಕೊಂಡಳು.

"ಹನ್ನೊಂದು ದಿನ ಆಯ್ತು" ಎಂದಳು. "ಹನ್ನೊಂದು ದಿನ ನಾನು ನನ್ನ ಕೈಗೆ ಹೆದರಿ ಕೂತಿದ್ದೆ. ನಿಮಗೆ ಗೊತ್ತುಂಟಾ?"

"ಈಗ ಗೊತ್ತಾಯ್ತು. ಮಾಫ್ ಮಾಡು."

"ದೇವಮ್ಮಕ್ಕ ಮೊದಲೇ ಹೇಳಿದ್ರು. ನಾನೂ ಕೇಳಲಿಲ್ಲ" ಎಂದಳು ಅವಳು. ಆಮೇಲೆ, "ಚಾ ಮಾಡ್ತೀರಾ?" ಎಂದಳು.

ಆ ದಿನದಿಂದ ರಮ್ಲತ್ ವ್ಯಾಯಾಮ ತಪ್ಪಿಸಲಿಲ್ಲ. ಪಟ್ಟಿ ಬಿಚ್ಚಿದ ಮೇಲೆ ಮೆತ್ತನೆಯ ಚೆಂಡನ್ನು ಒತ್ತಿದಳು, ಹಿಟ್ಟು ಕಲಸಿದಳು. ಬೆರಳಿನ ತುದಿ ಮೊದಲು ಅಕ್ಕಿಕಾಳಿನಷ್ಟು ಮಡಚಿತು, ಆಮೇಲೆ ಅರ್ಧ. ಈಗಲೂ ಪೂರಾ ಮಡಚುವುದಿಲ್ಲ. ಕಸಿಗೆ ಅಷ್ಟು ಸಾಕು. ಇಚಿಲಂಪಾಡಿಯ ಮರ ಅಷ್ಟರಲ್ಲಿ ಉರುಳಿತ್ತು. ಅದರ ನೂರು ಕುಡಿಗಳಲ್ಲಿ ಅರುವತ್ತೊಂಬತ್ತು ಚಿಗುರಿವೆ. ಹೊಸ ಎಲೆಗಳು ತಾಮ್ರದ ಬಣ್ಣ. ಹೊಸ ಮಡಚದ ಚೂರಿ ಹಿಡಿದು ಕೂತ ಮೊದಲ ದಿನ ರಮ್ಲತ್ ಪ್ರತಿ ಸೀಳನ್ನೂ ಎರಡೆರಡು ಸಲ ನೋಡಿ ಕಟ್ಟಿದಳು. ಮೂರನೆಯ ದಿನ ಮನಸ್ಸು ಮೊದಲಿನ ಹಾಗೆ ತೇಲಿಹೋಯಿತು. ಅವಳು ತಡೆಯಲಿಲ್ಲ.

ಅಹ್ಮದ್ ಕುಂಞಿಯ ಅಂಗಡಿಯಲ್ಲಿ ಈಗ ಒಂದು ಮರದ ಹಲಗೆ, ಒಂದು ಜೊತೆ ದಪ್ಪ ಗ್ಲೌಸ್ ಇದೆ. ಹಗ್ಗ ಕೊಳ್ಳಲು ಬಂದವರ ಕಿಸೆಯಲ್ಲಿ ಮಡಚು ಚೂರಿ ಕಂಡರೆ, "ಒಮ್ಮೆ ಕೊಡಿ ಮಾರಾಯ್ರೆ, ನೋಡುವಾ" ಎನ್ನುತ್ತಾನೆ. ಮೊದಲ ತಿಂಗಳಲ್ಲಿ ಇಪ್ಪತ್ತಾರು ಚೂರಿ ನೋಡಿದ. ಐದು ಚೂರಿಗಳ ಲಾಕ್ ನಿಲ್ಲಲಿಲ್ಲ. ಅದರಲ್ಲಿ ಎರಡು ಅಂಗಡಿಯಿಂದ ತಂದು ತಿಂಗಳೂ ಆಗದ ಹೊಸ ಚೂರಿಗಳು. ಒಬ್ಬರು ಸಿಟ್ಟು ಮಾಡಿಕೊಂಡರು. "ನನ್ನ ಚೂರಿಯ ಮೇಲೆ ನಿಮಗೆಂತ ಸಂಶಯ?" ಎಂದರು. "ನನಗೂ ಹೀಗೇ ಸಿಟ್ಟು ಬಂದಿತ್ತು" ಎಂದು ಅವನು ಅವರಿಗೆ ಸ್ಟೂಲು ಕೊಟ್ಟ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ,

ನಿಮ್ಮ ಮನೆಯಲ್ಲೂ ಒಂದು ಮಡಚು ಚೂರಿ ಇರಬಹುದು. ಊರಿಗೆ ಬಂದವರು ತಂದುಕೊಟ್ಟದ್ದು, ಸಂತೆಯಲ್ಲಿ ಕೊಂಡದ್ದು, ಅಪ್ಪ ಬಿಟ್ಟುಹೋದದ್ದು. ಇವತ್ತು ಹಗಲಿನ ಬೆಳಕಿನಲ್ಲಿ, ಮಕ್ಕಳನ್ನು ದೂರ ಇಟ್ಟು, ಅದನ್ನು ಮೆಲ್ಲನೆ ತೆರೆಯಿರಿ. ಸದ್ದನ್ನು ನಂಬಬೇಡಿ, ಒಳಗಿನ ತಗಡು ಎಲ್ಲಿ ನಿಂತಿದೆ ಎಂದು ಕಣ್ಣಾರೆ ನೋಡಿ. ಕೊಳೆ ಇದ್ದರೆ ತೆಗೆಯಿರಿ. ಅಲಗು ಮೇಲೆ ಕೆಳಗೆ ಆಡುತ್ತದೆಯೇ ಎಂದು ನೋಡಿ. ದಪ್ಪ ಗ್ಲೌಸ್ ಹಾಕಿ, ಬೆರಳುಗಳನ್ನು ಅಲಗು ಮಡಚಿ ಬೀಳುವ ತೋಡಿನಿಂದ ಹೊರಗೆ ಇಟ್ಟು, ಅಲಗಿನ ಬೆನ್ನನ್ನು ಮರಕ್ಕೆ ಮೆಲ್ಲನೆ ಒತ್ತಿ ನೋಡಿ. ಧೈರ್ಯ ಇಲ್ಲದಿದ್ದರೆ ಸಾಣೆಯವರಿಗೆ ತೋರಿಸಿ, ಅದರಲ್ಲಿ ನಾಚಿಕೆ ಏನಿಲ್ಲ. ಲಾಕ್ ಜಾರಿದರೆ ಆ ಚೂರಿಯನ್ನು ಬಳಸಬೇಡಿ, ಇನ್ನೊಬ್ಬರಿಗೂ ಕೊಡಬೇಡಿ. ಸೀಳುವ, ಚುಚ್ಚುವ ಕೆಲಸಕ್ಕೆ ಮಡಚದ ಚೂರಿಯನ್ನೇ ಹಿಡಿಯಿರಿ. ಬೆರಳಿಗೆ ಆಳದ ಗಾಯವಾದರೆ ಪುಡಿ ಗಿಡಿ ಹಾಕದೆ ಶುಭ್ರ ಬಟ್ಟೆಯಿಂದ ಒತ್ತಿ ಹಿಡಿದು ಅದೇ ದಿನ ಆಸ್ಪತ್ರೆಗೆ ಹೋಗಿ.

ಒಮ್ಮೆ ನಿಮ್ಮ ಕೈಯಲ್ಲಿ ಚೂರಿ ಜಾರಿ, ದೇವರ ದಯೆಯಿಂದ ಏನೂ ಆಗದೆ ಉಳಿದಿದ್ದರೆ, ಅದನ್ನು ಬಚ್ಚಿಡಬೇಡಿ. ಪಕ್ಕದಲ್ಲಿ ಕೂತಿರುವವರಿಗೆ ಈಗಲೇ ಹೇಳಿ.